ಮುಂಗಡ ಕಳಿಸುವ ಮುನ್ನ

ಸದ್ಯಕ್ಕೆ ಹಣ ಕಳಿಸಬೇಡಿ, ತಾಯೀ. 35 ದಿನದ ಲ್ಯಾಬ್ರಡಾರ್ ಮರಿಯನ್ನು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರಾತ್ರಿ ಬಸ್ಸಿಗೆ ಹಾಕಿ ಕಳಿಸುತ್ತೇನೆ ಎನ್ನುವವನನ್ನು ನಾನಂತೂ ನಂಬಲಾರೆ. 2017ರ ಕೇಂದ್ರ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ. ತಳಿಗಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಆ ನೋಂದಣಿ ಪತ್ರ ತೋರಿಸಲು ಹೇಳಿ. ಕೆನಲ್ ಕ್ಲಬ್ ಕಾಗದದಲ್ಲಿ ವಂಶಾವಳಿ ಇರುತ್ತದೆ, ಆರೋಗ್ಯದ ಭರವಸೆ ಇರುವುದಿಲ್ಲ.

ರೈಲು ಹತ್ತಿ ನೀವೇ ಹೋಗಿ, ತಾಯಿನಾಯಿಯನ್ನು ನೋಡಿ: ಜನರ ಹತ್ತಿರ ಬರುತ್ತದೆಯೇ, ಮುದುಡಿಕೊಳ್ಳುತ್ತದೆಯೇ? ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ವಂಶದಲ್ಲೇ ಬರುವುದುಂಟು. ಅಪ್ಪ-ಅಮ್ಮ ಎರಡರದೂ ಎಕ್ಸ್‌ರೇ ಕೇಳಿ. "ಇದನ್ನೆಲ್ಲ ಯಾರೂ ಕೇಳೋದಿಲ್ಲ" ಎಂದರೆ ಎದ್ದು ಬನ್ನಿ.

ನಿಮ್ಮ ಮಗ ಹಟ ಹಿಡಿದಿರುವ ಹಸ್ಕಿ ನಾಯಿ? ವಿಜಯವಾಡದ ಮೇ ತಿಂಗಳ ಬಿಸಿಲಿಗೆ ಬೇಡವೇ ಬೇಡ. ಯಾವ ತಳಿಯೇ ಇರಲಿ, ಒಳ್ಳೆಯ ತಳಿಗಾರ ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ನಿಮ್ಮನ್ನೇ ಕೇಳುತ್ತಾನೆ. ಬೇಸರಪಡದೆ ಉತ್ತರಿಸಿ.