ಜಾನುವಾರುಗಳ ಕಿವಿಯೋಲೆಯಲ್ಲಿ ಚಿಪ್: ಅದರ ಭದ್ರತೆ ಎಷ್ಟು?

ದನಕರುಗಳಿಗೆ ಗುರುತು ಹಾಕುವುದು ನಮ್ಮ ರೈತರಿಗೆ ಹೊಸದೇನಲ್ಲ. ಬರೆ ಹಾಕುವುದು, ಕಿವಿಗೆ ಕಚ್ಚು ಮಾಡುವುದು, ಕುರಿಯ ಬೆನ್ನಿಗೆ ಬಣ್ಣ ಬಳಿಯುವುದು ಹಿಂದಿನಿಂದ ನಡೆದುಬಂದಿವೆ. ಈಗ ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯಲ್ಲಾಗಲಿ, ಮಧುಗಿರಿ, ಶಿರಾ, ಪಾವಗಡಗಳಲ್ಲಾಗಲಿ ಹಸು ಎಮ್ಮೆಗಳ ಕಿವಿಯಲ್ಲಿ 12 ಅಂಕಿಗಳ ಹಳದಿ ಓಲೆ ಕಾಣುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಕಾಲುಬಾಯಿ ಜ್ವರ ಮತ್ತು ಕಂದುರೋಗಗಳ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಮೇಲೆ ಲಸಿಕೆಯ ಜೊತೆಗೆ ಓಲೆ ಹಾಕುವ ಕೆಲಸವೂ ಚುರುಕಾಯಿತು.

ಈ ಹಳದಿ ಓಲೆಗಳಲ್ಲಿ ಹೆಚ್ಚಿನವು ಬರಿಯ ಪ್ಲಾಸ್ಟಿಕ್ಕಿನವು; ಅಂಕಿ ಮತ್ತು ಬಾರ್‌ಕೋಡ್ ಮಾತ್ರ ಅಚ್ಚಾಗಿರುತ್ತವೆ. ಇವುಗಳ ಜೊತೆಗೆ, ರೇಡಿಯೋ ಅಲೆಯ ಮೂಲಕ ಓದುವ ಚಿಪ್ ಕೂಡಿಸಿದ ಓಲೆಗಳೂ ಬಂದಿವೆ. ಇವನ್ನು ಆರ್.ಎಫ್.ಐ.ಡಿ. ಓಲೆ ಎನ್ನುತ್ತಾರೆ. ಕೆಲವು ವಿಮಾ ಯೋಜನೆಗಳಲ್ಲೂ ದೊಡ್ಡ ಡೇರಿ ಫಾರಂಗಳಲ್ಲೂ ಇವುಗಳ ಬಳಕೆ ಇದೆ. "ಚಿಪ್ ಹಾಕಿದ ಮೇಲೆ ಯಾರೂ ಮೋಸ ಮಾಡಲಾರರು" ಎಂದು ಮಾರುವವರು ಹೇಳುವುದುಂಟು. ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ರೈತರು ಮೊದಲೇ ತಿಳಿದಿರಬೇಕು. ವಿಮೆ ಮಾಡಿಸಿದ ಹಸು ಸತ್ತ ದಿನ ಪರಿಹಾರ ಬರುವುದೂ ಬಾರದಿರುವುದೂ ಈ ಓಲೆಯ ಮೇಲೆ ನಿಂತಿರುತ್ತದೆ.

ಚಿಪ್ ಕೆಲಸ ಮಾಡುವ ಬಗೆ

ಓಲೆಯೊಳಗೆ ಬ್ಯಾಟರಿ ಇರುವುದಿಲ್ಲ. ಸಣ್ಣ ತಾಮ್ರದ ತಂತಿಯ ಸುರುಳಿ ಮತ್ತು ಅದಕ್ಕೆ ಕೂಡಿಸಿದ ಚಿಪ್, ಇಷ್ಟೇ. ಓದುವ ಯಂತ್ರವನ್ನು ಕಿವಿಯ ಹತ್ತಿರ ಹಿಡಿದಾಗ ಅದರ ಕಾಂತಕ್ಷೇತ್ರದಿಂದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಆ ಶಕ್ತಿಯಿಂದಲೇ ಚಿಪ್ ಎಚ್ಚೆತ್ತು ತನ್ನ ಸಂಖ್ಯೆಯನ್ನು ಹೇಳುತ್ತದೆ. ಜಾನುವಾರು ಚಿಪ್‌ಗಳಿಗೆ ಅಂತರರಾಷ್ಟ್ರೀಯವಾಗಿ ಗೊತ್ತುಮಾಡಿರುವುದು 134.2 ಕಿಲೋಹರ್ಟ್ಸ್. ಈ ಕಡಿಮೆ ಕಂಪನದ ಅಲೆ ನೀರು, ಸಗಣಿ, ಮಾಂಸಗಳ ಮೂಲಕ ಹಾದುಹೋಗುತ್ತದೆ. ಆದರೆ ಬಹು ದೂರ ಹೋಗುವುದಿಲ್ಲ. ಕೈಯಲ್ಲಿ ಹಿಡಿಯುವ ಯಂತ್ರವನ್ನು ಗೇಣು ದೂರಕ್ಕೆ ತರಬೇಕಾಗುತ್ತದೆ. ಹತ್ತಿರದಲ್ಲಿ ಕಬ್ಬಿಣದ ಕಂಬ, ಗೇಟು ಇದ್ದರೆ ಓದುವುದು ಕಷ್ಟ.

ಚಿಪ್ ಹೇಳುವುದು 15 ಅಂಕಿಗಳ ಸಂಖ್ಯೆಯನ್ನು. ಮೊದಲ ಮೂರು ಅಂಕಿ ದೇಶದ್ದು (ಭಾರತಕ್ಕೆ 356) ಅಥವಾ ತಯಾರಕನದ್ದು. ಉಳಿದ 12 ಆ ಪ್ರಾಣಿಯದ್ದು. ಯಜಮಾನನ ಹೆಸರಾಗಲಿ, ಹಾಕಿದ ಲಸಿಕೆಯಾಗಲಿ ಸಾಮಾನ್ಯವಾಗಿ ಚಿಪ್‌ನಲ್ಲಿ ಇರುವುದಿಲ್ಲ. ಅವೆಲ್ಲ ಇಲಾಖೆಯ ಅಥವಾ ವಿಮಾ ಕಂಪನಿಯ ದಾಖಲೆಯಲ್ಲಿರುತ್ತವೆ. ಈ ವ್ಯತ್ಯಾಸವನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಬೀಗವಿಲ್ಲದ ಬಾಗಿಲು

ದನದ ಸಂತೆಯಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ನೋಡಿದ್ದೀರಿ. ಪಕ್ಕದಲ್ಲಿ ನಿಂತವನಿಗೆ ಅದು ತಿಳಿಯದು. ಜಾನುವಾರು ಚಿಪ್‌ನಲ್ಲಿ ಅಂಥ ಟವಲಿಲ್ಲ. ಯಾವ ಯಂತ್ರ ಕೇಳಿದರೂ ಒಂದೇ ಸಂಖ್ಯೆಯನ್ನು ಬಹಿರಂಗವಾಗಿ ಹೇಳಿಬಿಡುತ್ತದೆ. ಸಂಖ್ಯೆಯ ಜೊತೆ ಕಳುಹಿಸುವ ತಾಳೆ ಅಂಕಿಗಳು ಓದುವಾಗ ತಪ್ಪಾಯಿತೇ ಎಂದು ನೋಡುವುದಕ್ಕೆ ಮಾತ್ರ, ಕಳ್ಳತನ ತಡೆಯುವುದಕ್ಕಲ್ಲ. ಸಂಖ್ಯೆ ಬರೆಯಬಹುದಾದ ಖಾಲಿ ಚಿಪ್‌ಗಳು ಪೇಟೆಯಲ್ಲಿ ಸಿಗುವುದರಿಂದ ಒಂದರ ನಕಲನ್ನು ಇನ್ನೊಂದರಲ್ಲಿ ಮಾಡುವುದು ತಿಳಿದವರಿಗೆ ಕಷ್ಟವಲ್ಲ.

ಗುಟ್ಟಿನ ಕೀಲಿ ಇರುವ ಚಿಪ್‌ಗಳೂ ಇವೆ. ಅಂಥವುಗಳಿಗೆ ಯಂತ್ರವು ಪ್ರತಿಸಲವೂ ಬೇರೆ ಪ್ರಶ್ನೆ ಕೇಳುತ್ತದೆ. ಕೀಲಿ ಹೊರಗೆ ಬರುವುದಿಲ್ಲ, ಅದರಿಂದ ಲೆಕ್ಕ ಹಾಕಿದ ಉತ್ತರ ಮಾತ್ರ ಬರುತ್ತದೆ. ಇವುಗಳೂ ಎಲ್ಲವೂ ಗಟ್ಟಿಯಲ್ಲ. ಕಾರಿನ ಕೀಲಿಗಳಲ್ಲಿ ಬಳಸುತ್ತಿದ್ದ 40 ಬಿಟ್‌ಗಳ ಒಂದು ಚಿಪ್‌ನ ಗುಟ್ಟನ್ನು 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಒಡೆದರು. 2008ರಲ್ಲಿ ಹಾಲೆಂಡಿನ ನೈಮೇಗನ್ ವಿಶ್ವವಿದ್ಯಾನಿಲಯದವರು ಬಸ್ಸು ರೈಲುಗಳ ಟಿಕೆಟ್ ಕಾರ್ಡಿನ ಚಿಪ್ಪಿಗೂ ಅದೇ ಗತಿ ತೋರಿಸಿದರು. ಹಸುವಿನ ಕಿವಿಗೆ ಇಷ್ಟು ಬೆಲೆಯ ಬೀಗ ಹಾಕುವುದು ಸದ್ಯಕ್ಕೆ ಲಾಭದಾಯಕವೆಂದು ನನಗೆ ತೋರುವುದಿಲ್ಲ.

ನಮ್ಮ ಭಾಗದಲ್ಲಿ ಚಿಪ್ ನಕಲು ಮಾಡುವವನಿಗಿಂತ ಓಲೆಯನ್ನೇ ಕಿತ್ತು ಬೇರೆ ಪ್ರಾಣಿಗೆ ಹಾಕುವವನಿಂದ ಹೆಚ್ಚು ಅಪಾಯ. ಅದಕ್ಕೆ ಕಂಪ್ಯೂಟರ್ ಬೇಡ, ಚಾಕು ಸಾಕು. ಆದ್ದರಿಂದ ಪ್ರಾಣಿ, ಓಲೆ, ದಾಖಲೆ ಈ ಮೂರೂ ಒಂದಕ್ಕೊಂದು ಬಿಗಿಯಾಗಿ ಕೂಡಿರುವಂತೆ ನೋಡಿಕೊಳ್ಳುವುದೇ ನಿಜವಾದ ರಕ್ಷಣೆ.

ಓಲೆಯ ರಕ್ಷಣೆ

ಓಲೆಯನ್ನು ತರಬೇತಿ ಪಡೆದವರಿಂದಲೇ ಹಾಕಿಸಬೇಕು. ಕಿವಿಯ ಮಧ್ಯಭಾಗದಲ್ಲಿ, ಮೃದ್ವಸ್ಥಿಯ ಎರಡು ಏಣುಗಳ ನಡುವೆ, ರಕ್ತನಾಳ ತಪ್ಪಿಸಿ ಚುಚ್ಚಬೇಕು. ಅಂಚಿಗೆ ಹಾಕಿದ ಓಲೆ ಬಹಳ ದಿನ ನಿಲ್ಲುವುದಿಲ್ಲ. ಬಳ್ಳಾರಿ ಜಾಲಿಯ ಬೇಲಿಗೋ ಮುಳ್ಳುತಂತಿಗೋ ಸಿಕ್ಕಿ ಕಿವಿಯೇ ಹರಿಯುತ್ತದೆ. ಪಾವಗಡ, ಶಿರಾ ಕಡೆಯ ಮೇಯುವ ಕುರಿಗಳಲ್ಲಿ ಈ ತೊಂದರೆಗೆ ಅವಕಾಶ ಹೆಚ್ಚು. ಎಳೆಗರುವಿಗೆ ಹಾಕುವಾಗ ಕಿವಿ ಬೆಳೆಯಲು ಎಡೆ ಬಿಟ್ಟಿರಬೇಕು. ನೊಣದ ಕಾಲದಲ್ಲಿ ಗಾಯವನ್ನು ಎರಡು ವಾರದವರೆಗೆ ದಿನವೂ ನೋಡುತ್ತಿರಬೇಕು. ಹುಳು ಬಿದ್ದರೆ ಕಿವಿ ಕೊಳೆತು ಓಲೆ ಬೀಳುತ್ತದೆ; ತಕ್ಷಣ ಪಶುವೈದ್ಯರಿಗೆ ತೋರಿಸತಕ್ಕದ್ದು.

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಗೆ ನುಂಗಿಸುವ ಪಿಂಗಾಣಿ ಗುಳಿಗೆಯಲ್ಲೂ ಚಿಪ್ ಇಡುವುದುಂಟು. ಅದು ಎರಡನೆಯ ಜಠರದಲ್ಲಿ ಉಳಿಯುವುದರಿಂದ ಕೀಳುವುದು ಕಷ್ಟ. ಆದರೆ ಹೊರಗಿನಿಂದ ಕಾಣದು, ಯಂತ್ರವಿಲ್ಲದೆ ತಿಳಿಯದು.

ಓಲೆ ಹಾಕಿಸಿದ ದಿನವೇ ಹಸುವಿನ ಎರಡೂ ಪಕ್ಕದ, ಮುಖದ, ಮತ್ತು ಓಲೆಯ ಸಂಖ್ಯೆ ಕಾಣುವಂತೆ ಕಿವಿಯ ಫೋಟೋ ತೆಗೆದಿಡಿರಿ. ಕೊಂಬಿನ ಬಗೆ, ಸುಳಿ, ಬಾಲದ ಕುಚ್ಚಿನ ಬಣ್ಣ ಬರೆದಿಡಿರಿ. ಮೂಗಿನ ತುದಿಯ ಗೆರೆಗಳು ನಮ್ಮ ಬೆರಳಚ್ಚಿನಂತೆ ಒಂದೊಂದು ಹಸುವಿಗೂ ಬೇರೆ. ಅಮೆರಿಕದಲ್ಲಿ 1922ರಲ್ಲೇ ಈ ಗುರುತನ್ನು ಕುರಿತು ಲೇಖನ ಪ್ರಕಟವಾಗಿತ್ತು. ಒದ್ದೆ ಒರೆಸಿ, ಹತ್ತಿರದಿಂದ ತೆಗೆದ ಮೂಗಿನ ಫೋಟೋ ಒಂದಿದ್ದರೆ ಓಲೆ ಕಳೆದಾಗ ಅದು ನಿಮ್ಮ ಸಾಕ್ಷಿ. ಚಿಪ್ ನಕಲಾಗಬಹುದು, ಮೂಗು ನಕಲಾಗದು.

ಸಂತೆಯಲ್ಲಿ ಕೊಳ್ಳುವಾಗ

ಓಲೆ ಇದೆಯೆಂದು ಹಣ ಎಣಿಸಬಾರದು. ಆ ಸಂಖ್ಯೆ ಯಾರ ಹೆಸರಿನಲ್ಲಿದೆ, ದಾಖಲೆಯ ತಳಿ, ವಯಸ್ಸು, ಲಿಂಗ ಎದುರಿಗಿರುವ ಪ್ರಾಣಿಗೆ ಹೊಂದುತ್ತವೆಯೇ ಎಂದು ಪಶು ಆಸ್ಪತ್ರೆಯಲ್ಲಿ ವಿಚಾರಿಸಿರಿ. ಓಲೆಯ ಮೊಳೆಯನ್ನು ತಿರುಗಿಸಿ ನೋಡಿರಿ. ಒಮ್ಮೆ ಹಾಕಿದ ಮೊಳೆ ಒಡೆಯದೆ ಬಿಚ್ಚಬಾರದು. ಅಂಟು, ಕೊಯ್ದ ಗುರುತು, ಪಕ್ಕದಲ್ಲಿ ಇನ್ನೊಂದು ಹಳೆಯ ರಂಧ್ರ ಕಂಡರೆ ಅನುಮಾನಿಸಬೇಕು. ಚಿಪ್ ಇದ್ದರೆ ಅದರ ಸಂಖ್ಯೆಯೂ ಓಲೆಯ ಸಂಖ್ಯೆಯೂ ದಾಖಲೆಯಲ್ಲಿ ಒಂದೇ ಪ್ರಾಣಿಗೆ ಸೇರಿರಬೇಕು. ಕೊಂಡ ಮೇಲೆ ಹೆಸರು ಬದಲಾಯಿಸಿಕೊಳ್ಳುವುದನ್ನು ಬಹಳ ಮಂದಿ ಮರೆಯುತ್ತಾರೆ. ದಾಖಲೆಯಲ್ಲಿ ಹಸು ಮಾರಿದವನದಾಗಿಯೇ ಉಳಿದರೆ ವಿಮೆಯಲ್ಲಿ ತಕರಾರು ಏಳುತ್ತದೆ.

ವಾಹನದ ಫಾಸ್ಟ್‌ಟ್ಯಾಗ್ ವಿಷಯ

ಚಿಪ್ ಎಂದೊಡನೆ ರೈತರು ಕೇಳುವುದು ಫಾಸ್ಟ್‌ಟ್ಯಾಗ್ ಕುರಿತು. ಶಿರಾ ಮೂಲಕ ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ತರಕಾರಿ ಸಾಗಿಸುವವರಿಗೆ ಅದು ಗೊತ್ತಿದ್ದದ್ದೇ. ಅದೂ ಆರ್.ಎಫ್.ಐ.ಡಿ.ಯೇ, ಆದರೆ ಹೆಚ್ಚು ಕಂಪನದ್ದು. ಕೆಲವು ಮೀಟರ್ ದೂರದಿಂದ ಓದಬಹುದು. ಕೈಗಡಿಯಾರ ತೋರಿಸಿ ಹಣ ಕದಿಯುತ್ತಾರೆಂಬ ವೀಡಿಯೋ 2022ರ ಜೂನ್‌ನಲ್ಲಿ ಹರಡಿತ್ತು. ಅದು ಸುಳ್ಳೆಂದು ಆಗಲೇ ಅಧಿಕೃತವಾಗಿ ತಿಳಿಸಲಾಯಿತು. ಟ್ಯಾಗ್‌ನ ಸಂಖ್ಯೆ ಓದಿದ ಮಾತ್ರಕ್ಕೆ ಹಣ ಹೋಗದು. ನೋಂದಾಯಿತ ಟೋಲ್‌ಗಳಂಥ ಜಾಗಗಳಿಂದ ಬಂದ ಬೇಡಿಕೆಗೆ ಮಾತ್ರ ಬ್ಯಾಂಕು ಹಣ ಕೊಡುತ್ತದೆ. ಇಲ್ಲಿಯೂ ಭದ್ರತೆ ಇರುವುದು ಹಿಂದಿನ ದಾಖಲೆಯಲ್ಲಿ.

ಓಲೆ ಬಿದ್ದರೆ, ಪ್ರಾಣಿ ಸತ್ತರೆ

ಓಲೆ ಬಿದ್ದುದು ಗೊತ್ತಾದ ದಿನವೇ ಪಶು ಆಸ್ಪತ್ರೆಗೂ ವಿಮಾ ಕಂಪನಿಗೂ ಬರೆದು ತಿಳಿಸಿ, ಹೊಸ ಓಲೆ ಹಾಕಿಸಿ, ಹಳೆಯ ಸಂಖ್ಯೆಯ ಬದಲು ಹೊಸದು ಬಂದಿದೆಯೆಂದು ದಾಖಲೆ ಮಾಡಿಸಬೇಕು. ಓಲೆ ಇಲ್ಲದ ಪ್ರಾಣಿಗೆ ಪರಿಹಾರವಿಲ್ಲ ಎಂಬುದು ಜಾನುವಾರು ವಿಮೆಯ ಸಾಮಾನ್ಯ ಷರತ್ತು. ಸತ್ತ ಮೇಲೆ ಹೇಳಿದರೆ ನಂಬುವವರಿಲ್ಲ. ವಿಮೆ ಮಾಡಿಸಿದ ಹಸು ಸತ್ತರೆ ಓಲೆಯನ್ನು ಕಿತ್ತಿಡಬೇಡಿರಿ. ಕಿವಿಯಲ್ಲಿದ್ದಂತೆಯೇ ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿರಿ. ಅವರು ಹೇಳಿದ ಮೇಲೆಯೇ ಓಲೆ ತೆಗೆದು ಒಪ್ಪಿಸಿ ರಸೀದಿ ಪಡೆಯಿರಿ. ಆ ಸಂಖ್ಯೆಯ ಪ್ರಾಣಿ ಸತ್ತಿದೆಯೆಂದು ದಾಖಲೆಯಲ್ಲಿ ಬರೆಸಿದರೆ, ಅದೇ ಓಲೆಯನ್ನು ಅಥವಾ ಅದರ ನಕಲನ್ನು ಬೇರೊಂದು ಹಸುವಿಗೆ ಹಾಕಿದವನು ಮುಂದಿನ ಲಸಿಕೆಯ ಹೊತ್ತಿಗೇ ಸಿಕ್ಕಿಬೀಳುವ ಸಂಭವವಿದೆ.