ಭಾರಿ ಟ್ರೇಲರ್ ಗಾಳಗಳು: ಆಯ್ಕೆ, ಬಳಕೆ ಮತ್ತು ವ್ಯಾಪಾರ

ತ್ಯಾವಣಿಗೆ, ಚನ್ನಗಿರಿ, ಸಂತೇಬೆನ್ನೂರು ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ‘ಟ್ರೇಲರ್ ಹುಕ್’ ಎಂದು ಕೇಳಿದರೆ, ಟ್ರ್ಯಾಕ್ಟರಿಗೆ ಟ್ರೇಲರನ್ನು ಜೋಡಿಸುವ ಕಬ್ಬಿಣದ ಕೊಕ್ಕೆಯನ್ನು ತೆಗೆದಿಡುವುದು ಸಹಜ. ಗಾಳ ಹಾಕುವ ಹವ್ಯಾಸಿಗಳು ಅದೇ ಹೆಸರಿನಿಂದ ಕೇಳುವ ವಸ್ತು ಬೇರೆ. ಕೃತಕ ಎರೆಯ ಮುಖ್ಯ ಗಾಳದ ಹಿಂದೆ ಪೋಣಿಸುವ ಎರಡನೆಯ ಗಾಳಕ್ಕೂ ಟ್ರೇಲರ್ ಎಂಬುದೇ ಹೆಸರು. ಎರೆಯನ್ನು ಪೂರ್ತಿ ನುಂಗದೆ ಬಾಲವನ್ನಷ್ಟೇ ಕಚ್ಚಿ ಬಿಡುವ ಮೀನನ್ನು ಹಿಡಿಯುವುದು ಇದರ ಕೆಲಸ. ಉತ್ತರ ಅಮೆರಿಕದಲ್ಲಿ ಬಾಸ್ ಮೀನಿನ ಬೇಟೆಗೆ ರೂಢಿಗೆ ಬಂದ ಈ ಸಾಧನಕ್ಕೆ ಇಲ್ಲಿಯೂ ಕೇಳುಗರಿದ್ದಾರೆ.

ಬಾಸ್ ಈ ಭಾಗದ ಕೆರೆಗಳ ಮೀನಲ್ಲ. ಅದರ ಸ್ಥಾನದಲ್ಲಿರುವುದು ಕೊರವ, ಅಂದರೆ ಇಂಗ್ಲಿಷಿನ ಮರಲ್ ಅಥವಾ ಸ್ನೇಕ್‌ಹೆಡ್. ಕಳೆ ಬೆಳೆದ ನೀರಿನಲ್ಲಿ ಹೊಂಚುಹಾಕುವುದು, ಮೇಲ್ಮೈಯಲ್ಲಿ ಸಾಗುವ ಎರೆಯ ಮೇಲೆ ಥಟ್ಟನೆ ಎರಗುವುದು, ಗಾಳ ತಗುಲಿದೊಡನೆ ಜೊಂಡಿನೊಳಗೆ ನುಗ್ಗುವುದು ಎರಡೂ ಮೀನುಗಳ ಸ್ವಭಾವ. ಕೊರವ ಗಾಳಿ ಕುಡಿಯಲು ಆಗಾಗ ಮೇಲೆ ಬರುವುದರಿಂದ ಆಳವಿಲ್ಲದ ಕೆರೆ, ಕಾಲುವೆಗಳಲ್ಲಿಯೂ ಬದುಕುತ್ತದೆ. ಸೂಳೆಕೆರೆ ಎಂದು ಹೆಸರಾದ ಶಾಂತಿಸಾಗರವಾಗಲಿ, ಭದ್ರಾ ಕಾಲುವೆಯ ನೀರು ಹಾಯುವ ಊರುಗಳ ಕೆರೆಗಳಾಗಲಿ ಇಂತಹ ಬೇಟೆಗೆ ಒದಗುವ ಜಲಾಶಯಗಳೇ. ಆದುದರಿಂದ ಬಾಸ್ ಮೀನಿಗಾಗಿ ತಯಾರಾದ ಸರಕನ್ನು ಇಲ್ಲಿ ಮಾರುವುದರಲ್ಲಿ ತಪ್ಪಿಲ್ಲ. ‘ಹೆವಿ ಡ್ಯೂಟಿ’ ಎಂಬ ಎರಡು ಪದಗಳನ್ನು ನಂಬಿ, ಕೇಳಿದವರಿಗೆಲ್ಲ ಅತ್ಯಂತ ದಪ್ಪ ಗಾಳವನ್ನು ಕೊಟ್ಟು ಕಳುಹಿಸುವುದು ಮಾತ್ರ ತಪ್ಪು.

ದಪ್ಪ ತಂತಿಯ ಗಾಳ ಸುಲಭವಾಗಿ ಬಾಯಿ ತೆರೆದುಕೊಳ್ಳುವುದಿಲ್ಲ, ನಿಜ. ಆದರೆ ತಂತಿ ದಪ್ಪವಾದಷ್ಟೂ ಅದನ್ನು ಮೀನಿನ ಗಟ್ಟಿ ದವಡೆಯೊಳಗೆ ಇಳಿಸಲು ಹೆಚ್ಚು ಸೆಳೆತ ಬೇಕು. ಬಿಗಿಯಾದ ಕೋಲು ಮತ್ತು ಹೆಚ್ಚು ಹಿಗ್ಗದ 30ರಿಂದ 50 ಪೌಂಡಿನ ಹೆಣೆದ ದಾರ ಇದ್ದವನಿಗೆ ಆ ಸೆಳೆತ ದೊರೆಯುತ್ತದೆ. ಬಳುಕುವ ಕೋಲಿಗೆ 10 ಪೌಂಡಿನ ನೈಲಾನ್ ದಾರ ಕಟ್ಟಿದವನಿಗೆ ದೊರೆಯುವುದಿಲ್ಲ. ಅವನು ಎಳೆದ ಬಲವೆಲ್ಲ ದಾರ ಹಿಗ್ಗುವುದರಲ್ಲಿ ಮತ್ತು ಕೋಲು ಬಾಗುವುದರಲ್ಲಿ ಕಳೆದುಹೋಗಿ ಗಾಳದ ಮೊನೆ ಮರುಮುಳ್ಳಿನವರೆಗೂ ಇಳಿಯದೆ ಜಾರುತ್ತದೆ. ಅಂಗಡಿಯವನು ಭಾರಿ ಗಾಳ ಕೊಟ್ಟು ಉಪಕಾರ ಮಾಡಿದೆನೆಂದುಕೊಂಡರೂ ಗಿರಾಕಿ ಬರಿಗೈಯಲ್ಲಿ ಮನೆಗೆ ಹೋಗಿರುತ್ತಾನೆ, ಮುಂದಿನ ಬಾರಿ ಬೇರೆ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಕೋಲು ಯಾವುದು, ದಾರ ಎಷ್ಟು ಪೌಂಡು, ಎರೆಯಲ್ಲಿರುವ ಮುಖ್ಯ ಗಾಳದ ಅಳತೆ ಏನು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಟ್ರೇಲರ್ ಗಾಳವನ್ನು ಮಾರಬಾರದು.

ಅಳತೆಯ ಗೊಂದಲ

ಗಾಳಗಳ ನಂಬರು ಹೊಸ ವ್ಯಾಪಾರಿಯನ್ನು ಮೋಸಗೊಳಿಸುತ್ತದೆ. 10, 8, 6, 4, 2, 1 ಎಂದು ಸಂಖ್ಯೆ ಇಳಿದಂತೆ ಗಾಳ ದೊಡ್ಡದಾಗುತ್ತದೆ. ಅಲ್ಲಿಂದ ಮುಂದೆ 1/0, 2/0, 3/0 ಎಂದು ಸಂಖ್ಯೆ ಏರಿದಂತೆ ದೊಡ್ಡದಾಗುತ್ತದೆ. 3 ನಂಬರಿನ ಗಾಳಕ್ಕೆ ಬೇಡಿಕೆ ಕಳುಹಿಸಿ 3/0 ನಿರೀಕ್ಷಿಸುವವನಿಗೆ ಬರುವುದು ತೀರ ಚಿಕ್ಕ ಸರಕು. ಸಾಲದ್ದಕ್ಕೆ, ಈ ನಂಬರುಗಳಿಗೆ ಎಲ್ಲ ತಯಾರಕರೂ ಒಪ್ಪಿದ ಒಂದು ಮಾನದಂಡವಿಲ್ಲ. ಒಬ್ಬರ 3/0 ಇನ್ನೊಬ್ಬರ 2/0ಗೆ ಸಮನಾಗಿರಬಹುದು. ‘2ಎಕ್ಸ್ ಸ್ಟ್ರಾಂಗ್’ ಎಂಬುದೂ ಎರಡು ಪಟ್ಟು ಬಲವೆಂದಲ್ಲ. ಎರಡು ಅಳತೆ ಮೇಲಿನ ಗಾಳದ ತಂತಿಯನ್ನು ಈ ಗಾಳಕ್ಕೆ ಬಳಸಲಾಗಿದೆ ಎಂದಷ್ಟೇ ಅದರ ಅರ್ಥ, ಮತ್ತು ಅದೂ ಆಯಾ ತಯಾರಕರ ಸ್ವಂತ ಪಟ್ಟಿಗೆ ಸಂಬಂಧಿಸಿದ್ದು. ಪೊಟ್ಟಣದ ಮೇಲಿನ ನಂಬರಿನ ಜೊತೆಗೆ ಮೊನೆಯಿಂದ ದಂಡದವರೆಗಿನ ಅಂತರ, ತಂತಿಯ ವ್ಯಾಸ, ಕಣ್ಣಿನ ಒಳವ್ಯಾಸ ಇವುಗಳನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಮಿಲಿಮೀಟರಿನಲ್ಲಿ ದಾಸ್ತಾನು ಪುಸ್ತಕಕ್ಕೆ ಬರೆದಿಡುವುದೇ ಕ್ಷೇಮ.

ಟ್ರೇಲರ್ ಗಾಳದಲ್ಲಿ ಮೊದಲು ನೋಡಬೇಕಾದುದು ಕಣ್ಣು. ಅದು ಮುಖ್ಯ ಗಾಳದ ಮರುಮುಳ್ಳನ್ನು ದಾಟಿ ಬಾಗಿನವರೆಗೆ ಸಲೀಸಾಗಿ ಸರಿಯಬೇಕು. ಕಣ್ಣು ಕಿರಿದಾಗಿದ್ದರೆ ಇಕ್ಕಳದಿಂದ ಅದನ್ನು ಅಗಲಿಸುವ ಅಭ್ಯಾಸ ಕೆಲವರಿಗಿದೆ. ಹಾಗೆ ತೆರೆದ ಕಣ್ಣು ಮೀನಿನ ಮೊದಲ ಜಗ್ಗಿಗೇ ಕಳಚಿಕೊಳ್ಳುತ್ತದೆ. ಗಾತ್ರದಲ್ಲಿ ಟ್ರೇಲರ್ ಗಾಳ ಮುಖ್ಯ ಗಾಳಕ್ಕಿಂತ ಒಂದೆರಡು ಅಳತೆ ಚಿಕ್ಕದಾಗಿರಲಿ. ಮುಖ್ಯ ಗಾಳ 4/0 ಇದ್ದರೆ 2/0 ಅಥವಾ 3/0 ಹೊಂದುತ್ತದೆ. ಹಿಂದಿನದು ಹೆಚ್ಚು ತೂಗಿದರೆ ಎರೆ ವಾಲುತ್ತದೆ, ತಿರುಗುವ ತಗಡಿನ ಚಲನೆ ಕೆಡುತ್ತದೆ.

ಜೋಡಣೆಯಲ್ಲಿ ಎರಡು ವಿಧ. ಟ್ರೇಲರ್ ಗಾಳದ ಕಣ್ಣಿನ ಮೇಲೆ ಚಿಕ್ಕ ರಬ್ಬರ್ ಕೊಳವೆಯ ತುಂಡನ್ನು ಏರಿಸಿ, ಕೊಳವೆ ಮತ್ತು ಕಣ್ಣು ಎರಡನ್ನೂ ಮುಖ್ಯ ಗಾಳದ ಮೊನೆಯಿಂದ ಚುಚ್ಚಿ ಪೋಣಿಸಿದರೆ ಹಿಂದಿನ ಗಾಳ ಅಲುಗಾಡದೆ ಮೊನೆ ಮೇಲಾಗಿ ನಿಲ್ಲುತ್ತದೆ. ಕಳೆ ಇರುವ ಕೆರೆಗೆ ಇದೇ ಸರಿ. ಗಾಳವನ್ನು ಬರಿದಾಗಿ ಪೋಣಿಸಿ, ಅದು ಹೊರಬೀಳದಂತೆ ಮುಖ್ಯ ಗಾಳಕ್ಕೆ ರಬ್ಬರ್ ಬಿಲ್ಲೆಯೊಂದನ್ನು ಸಿಕ್ಕಿಸಿದರೆ ಅದು ಸ್ವತಂತ್ರವಾಗಿ ತೂಗಾಡುತ್ತದೆ. ತೆರೆದ ನೀರಿನಲ್ಲಿ ಹೀಗೆ ಹೆಚ್ಚು ಮೀನು ಸಿಕ್ಕುತ್ತದೆ, ಜೊಂಡಿನಲ್ಲಿ ಮಾತ್ರ ಪ್ರತಿ ಎಸೆತಕ್ಕೂ ಸೊಪ್ಪು ಬರುತ್ತದೆ. ಇದಕ್ಕಾಗಿ ವಿದೇಶಿ ಕೊಳವೆಯೇ ಬೇಕಿಲ್ಲ. ಸೈಕಲ್ ಅಂಗಡಿಯ ವಾಲ್ವ್ ಟ್ಯೂಬಿನ ತುಂಡು ಸಾಕು, ಬಿಸಿಲಿಗೆ ಬಿರಿದಾಗ ಬದಲಿಸಿದರಾಯಿತು. ಮೀನು ಎರೆಯನ್ನು ಪೂರ್ತಿ ನುಂಗುತ್ತಿದ್ದರೆ ಟ್ರೇಲರ್ ಗಾಳವೇ ಬೇಕಿಲ್ಲ ಎಂಬುದನ್ನು ಗಿರಾಕಿಗೆ ಹೇಳುವುದು ವ್ಯಾಪಾರಕ್ಕೆ ನಷ್ಟವೆಂದು ತೋರಬಹುದು. ಹೇಳಿದವನ ಮಾತಿಗೆ ಮುಂದೆ ಬೆಲೆ ಬರುತ್ತದೆ. ಮೀನನ್ನು ಬಿಡಿಸುವಾಗ ತೂಗಾಡುವ ಎರಡನೆಯ ಗಾಳ ಅಂಗೈಗೆ ನಾಟುವ ಅಪಾಯವೂ ಇದೆ. ಒಂದು ಉದ್ದ ಮೂತಿಯ ಇಕ್ಕಳವನ್ನು ಜೊತೆಯಲ್ಲಿಯೇ ಮಾರುವುದು ಒಳ್ಳೆಯದು.

ಬಲ ಎಲ್ಲಿಂದ ಬರುತ್ತದೆ

ಗಾಳದ ಬಲವನ್ನು ಕುರಿತ ಚಿಂತೆ ಕರ್ನಾಟಕಕ್ಕೆ ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಸೇವೆ ಸಲ್ಲಿಸಿದ ಮದರಾಸು ಸಿವಿಲ್ ಸರ್ವಿಸ್‌ನ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್, 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ದಿ ರಾಡ್ ಇನ್ ಇಂಡಿಯಾ’ ಎಂಬ ತನ್ನ ಗ್ರಂಥದಲ್ಲಿ, ಮಹಶೀರ್ ಮೀನು ಸಾಮಾನ್ಯ ಗಾಳಗಳನ್ನು ಬಾಯಲ್ಲಿಯೇ ಅಮುಕಿ ಹಾಳುಮಾಡುವುದನ್ನು ಚರ್ಚಿಸಿದ್ದಾನೆ. ಕಾವೇರಿಯ ದೊಡ್ಡ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. ಆದರೆ ಗಾಳ ತಯಾರಕನ ಮುಂದಿರುವ ಪ್ರಶ್ನೆ ಬದಲಾಗಿಲ್ಲ.

ಉತ್ತರ ತಂತಿಯ ದಪ್ಪದಲ್ಲಿರುವುದಕ್ಕಿಂತ ಹೆಚ್ಚಾಗಿ ಕುಲುಮೆಯಲ್ಲಿದೆ. ಅಧಿಕ ಇಂಗಾಲದ ಉಕ್ಕಿನ ತಂತಿಯನ್ನು ಕತ್ತರಿಸಿ, ಮೊನೆ ಮಾಡಿ, ಮರುಮುಳ್ಳು ಎಬ್ಬಿಸಿ, ಬಗ್ಗಿಸಿ, ಕಣ್ಣು ಕೂಡಿಸಿದ ಬಳಿಕ ಅದನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ಮೇಲೆ ಕಾಯಿಸಿ ಎಣ್ಣೆಯಲ್ಲಿ ತಣಿಸುತ್ತಾರೆ. ಆಗ ಗಾಳ ಗಾಜಿನಂತೆ ಪೆಡಸಾಗಿರುತ್ತದೆ. ಮತ್ತೆ ಕಡಿಮೆ ಶಾಖದಲ್ಲಿ ಹದಗೊಳಿಸಿದಾಗ ಗಡಸುತನದೊಂದಿಗೆ ಬಾಗಿ ಹಿಂದಿರುಗುವ ಗುಣ ಬರುತ್ತದೆ. ಹದ ಹೆಚ್ಚಾದರೆ ಗಾಳ ತೆರೆದುಕೊಳ್ಳುತ್ತದೆ, ಕಡಿಮೆಯಾದರೆ ಮುರಿಯುತ್ತದೆ.

ಇನ್ನೊಂದು ಕಾಣದ ಶತ್ರು ಲೇಪನದ ತೊಟ್ಟಿಯಲ್ಲಿದೆ. ಆಮ್ಲದಲ್ಲಿ ತೊಳೆಯುವಾಗಲೂ ವಿದ್ಯುಲ್ಲೇಪನದಲ್ಲಿಯೂ ಹುಟ್ಟುವ ಜಲಜನಕ ಗಡಸು ಉಕ್ಕಿನೊಳಗೆ ಸೇರಿಕೊಂಡು ಅದನ್ನು ಪೆಡಸಾಗಿಸುತ್ತದೆ. ಥಳಥಳಿಸುವ ಹೊಸ ಗಾಳ ಅಂಗಡಿಯ ಪರೀಕ್ಷೆಯಲ್ಲಿ ಗೆದ್ದು, ನೀರಿನಲ್ಲಿ ಕಡ್ಡಿಯಂತೆ ಮುರಿಯುವುದಕ್ಕೆ ಇದೂ ಒಂದು ಕಾರಣ. ಲೇಪನವಾದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿ ಶಾಖದಲ್ಲಿ ಹಲವು ಗಂಟೆ ಕಾಯಿಸಿದರೆ ಈ ಜಲಜನಕ ಬಹುಮಟ್ಟಿಗೆ ಹೊರಹೋಗುತ್ತದೆ. ಹೊರಗಿನ ಪ್ಲೇಟಿಂಗ್ ಘಟಕಕ್ಕೆ ಗಾಳ ಕಳುಹಿಸುವ ಸಣ್ಣ ತಯಾರಕರು ಈ ಕ್ರಮವನ್ನು ಬೇಡಿಕೆ ಪತ್ರದಲ್ಲಿಯೇ ಬರೆಯಬೇಕು, ಬಾಯಿಮಾತು ಸಾಲದು.

ವ್ಯಾಪಾರಸ್ಥರು ಪ್ರತಿ ಹೊಸ ಸರಕಿನಿಂದ ಮೂರು ನಾಲ್ಕು ಗಾಳಗಳನ್ನು ಬಲಿಕೊಟ್ಟು ನೋಡುವುದು ಲಾಭದಾಯಕ. ಕಣ್ಣನ್ನು ವೈಸಿಗೆ ಕಚ್ಚಿಸಿ, ಕನ್ನಡಕ ಧರಿಸಿ, ಬಾಗನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಬೇಕು. ಬಾಗದೆ ಪಟಕ್ಕನೆ ಮುರಿದರೆ ಸರಕನ್ನು ಹಿಂದಿರುಗಿಸುವುದೇ ಸರಿ. ತೆರೆದುಕೊಂಡು ಹಾಗೆಯೇ ಉಳಿದರೆ ಅದು ಸಣ್ಣ ಮೀನಿಗೆ ಮಾತ್ರ. ಸ್ವಲ್ಪ ತೆರೆದು, ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುವುದು ಯೋಗ್ಯ ಗಾಳ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದಾಗ ಕಚ್ಚಿ ನಿಲ್ಲಬೇಕು; ಜಾರಿದರೆ ಮೊಂಡು.

ಈ ಭಾಗದ ವರ್ಕ್‌ಶಾಪ್‌ಗಳು ಗಾಳವನ್ನೇ ತಯಾರಿಸಲು ಹೊರಡುವುದು ಜಾಣತನವಾಗಲಾರದು. ನಾರ್ವೆಯ ಮುಸ್ಟಾಡ್ ಸಂಸ್ಥೆ 1877ರಿಂದ ಯಂತ್ರಗಳಲ್ಲಿ ಗಾಳ ತಯಾರಿಸುತ್ತಿದೆ. ಅಂತಹ ಉತ್ಪಾದನೆಯ ಬೆಲೆಯೊಂದಿಗೆ ಸಣ್ಣ ಕುಲುಮೆ ಸ್ಪರ್ಧಿಸುವುದು ಕಷ್ಟ. ಒಳ್ಳೆಯ ಗಾಳವನ್ನು ಕೊಂಡು, ಅದರ ಸುತ್ತಲಿನ ಸ್ಟೇನ್‌ಲೆಸ್ ತಂತಿಯ ಚೌಕಟ್ಟು, ತಿರುಗುವ ಹಿತ್ತಾಳೆ ತಗಡು, ರಬ್ಬರ್ ಎಳೆ, ಹಿಡಿಕೆಯ ಬಿಲ್ಲೆ ಇವನ್ನು ತಯಾರಿಸಿ ಜೋಡಿಸುವುದಕ್ಕೆ ಕಡಿಮೆ ಬಂಡವಾಳ ಸಾಕು. ಸೀಸ ಕರಗಿಸುವ ಕೆಲಸವನ್ನು ಮಾತ್ರ ಗಾಳಿಯಾಡುವ ಪ್ರತ್ಯೇಕ ಶೆಡ್ಡಿನಲ್ಲಿ ಮಾಡಬೇಕು.

ಬಿಲ್ಲು ಬರೆಯುವಾಗ ಗಾಳಕ್ಕೂ ಸಿದ್ಧ ಎರೆಗೂ ಒಂದೇ ಸಂಕೇತ ಹಾಕುವುದು ಸರಿಯಲ್ಲ. ಸುಂಕದ ವರ್ಗೀಕರಣದಲ್ಲಿ ಗಾಳಗಳು 9507.20ರಲ್ಲಿಯೂ ಕೃತಕ ಎರೆಗಳು 9507.90ರಲ್ಲಿಯೂ ಬರುತ್ತವೆ, ಅನ್ವಯಿಸುವ ತೆರಿಗೆ ದರವನ್ನು ಆಯಾ ದಿನಾಂಕದ ಅಧಿಸೂಚನೆಯಿಂದ ಖಚಿತಪಡಿಸಿಕೊಳ್ಳಬೇಕು. ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಸೇರಿರುವುದರಿಂದ, ಗಾಳ ಹಾಕುವ ಮುನ್ನ ಅವರ ಅನುಮತಿ ಪಡೆಯಬೇಕೆಂಬ ಸೂಚನೆಯನ್ನು ಅಂಗಡಿಯಲ್ಲಿ ಕಾಣುವಂತೆ ತೂಗುಹಾಕುವುದು ಉಚಿತ.