ಎಂಪಿಯ ಉತಾರ ತೆಗೆಸಿ ನೋಡು

ಮೊದಲ ಸಲ ಓಟು ಹಾಕಲಿರುವ ಹರ್ತಿಯ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು ಹೇಳಬೇಕಿದೆ. ನಮ್ಮೂರು ಗದಗ ಜಿಲ್ಲೆಯದು, ಆದರೆ ಲೋಕಸಭೆಗೆ ನಾವು ಹಾವೇರಿಯವರು. 2008ರ ಕ್ಷೇತ್ರ ವಿಂಗಡಣೆಯಲ್ಲಿ ಗದಗ, ರೋಣ, ಶಿರಹಟ್ಟಿ ವಿಧಾನಸಭಾ ಕ್ಷೇತ್ರಗಳು ಹಾವೇರಿಯ ಪಾಲಾದವು, ನರಗುಂದ ಬಾಗಲಕೋಟೆಗೆ ಹೋಯಿತು. ಒಂದೇ ಜಿಲ್ಲೆಗೆ ಇಬ್ಬರು ಎಂಪಿ. ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಿಲ್ಲದೆ ಕಟ್ಟೆಯ ಮೇಲಿನ ಅರ್ಧ ಜಗಳ ಹಾಳಾಗಿ ಹೋಗುತ್ತದೆ.

ಹೊಲ ಲಾವಣಿಗೆ ಹಿಡಿಯುವ ಮುಂಚೆ ಉತಾರ ತೆಗೆಸುತ್ತೇವೆ. ಯಾರ ಹೆಸರಿನಲ್ಲಿದೆ, ಯಾವ ಬ್ಯಾಂಕಿನ ಬೋಜಾ ಕೂತಿದೆ ಎಂದು ಬೆರಳಿಟ್ಟು ನೋಡುತ್ತೇವೆ. ಐದು ವರ್ಷಕ್ಕೆ ದಿಲ್ಲಿಗೆ ಕಳಿಸುವವರ ಕಾಗದ ನೋಡಿದವರು ಊರಲ್ಲಿ ಎಷ್ಟು ಜನ ಇದ್ದೀರಿ?

ಮನೆತನ ಎಲ್ಲರಿಗೂ ಗೊತ್ತು. 2009, 2014, 2019ರಲ್ಲಿ ಗೆದ್ದ ಶಿವಕುಮಾರ ಉದಾಸಿ ಹಾನಗಲ್ಲಿನ ಸಿ.ಎಂ. ಉದಾಸಿಯವರ ಮಗ. 2019ರಲ್ಲಿ ಅವರಿಗೆ ಎದುರಾದವರು ನಮ್ಮ ಹುಲಕೋಟಿಯ ಡಿ.ಆರ್. ಪಾಟೀಲರು. 2024ರಲ್ಲಿ ಆನಂದಸ್ವಾಮಿ ಗಡ್ಡದೇವರಮಠರ ವಿರುದ್ಧ 43,513 ಮತಗಳಿಂದ ಗೆದ್ದವರು ಬಸವರಾಜ ಬೊಮ್ಮಾಯಿ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಜನತಾ ಪರಿವಾರದಲ್ಲಿ ಬೆಳೆದು 2008ರಲ್ಲಿ ಬಿಜೆಪಿ ಸೇರಿದರು, ಶಿಗ್ಗಾಂವಿಯಿಂದ ನಾಲ್ಕು ಸಲ ಆರಿಸಿ ಬಂದರು, 2021ರ ಜುಲೈಯಿಂದ 2023ರ ಮೇವರೆಗೆ ಮುಖ್ಯಮಂತ್ರಿಯಾಗಿದ್ದರು. ಇದು ಗೋಡೆಯ ಪೋಸ್ಟರಿನಲ್ಲೂ ಸಿಗುವ ಮಾಹಿತಿ.

ಪೋಸ್ಟರಿನಲ್ಲಿ ಸಿಗದ್ದು ಅವರ ತಂದೆಯ ಹೆಸರಿಗೆ ಅಂಟಿಕೊಂಡ ತೀರ್ಪು. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಿ ತೀರ್ಮಾನವಾಗುವಂಥದ್ದಲ್ಲ, ಸದನದಲ್ಲೇ ತಲೆ ಎಣಿಸಬೇಕು. ಇಡೀ ದೇಶದ ವಕೀಲರು ಇವತ್ತಿಗೂ ಬೊಮ್ಮಾಯಿ ಪ್ರಕರಣ ಎಂದು ಓದುವುದು ಇದನ್ನೇ. ಆದರೆ ಸರ್ಕಾರ ಉಳಿಯುತ್ತದೋ ಬೀಳುತ್ತದೋ ಎಂದಾಗ ತಲೆ ಎಣಿಸುವ ನಮ್ಮ ಸದನಗಳು ಕಾನೂನು ಮಾಡುವಾಗ ಹೆಚ್ಚಾಗಿ ಎಣಿಸುವುದೇ ಇಲ್ಲ.

ಇಲ್ಲೇ ನೀವು ಎಡವುವುದು. ಅಮೆರಿಕದಲ್ಲಿ ದೊಡ್ಡ ಮಸೂದೆಗಳಿಗೆ ಯಾವ ಸದಸ್ಯ ಹೇಗೆ ಮತ ಹಾಕಿದ ಎಂಬ ಪಟ್ಟಿ ಹೆಸರು ಸಮೇತ ಸಿಗುತ್ತದೆ. ಅದನ್ನು ನೋಡಿದ ಹುಡುಗರು ನಮ್ಮ ಎಂಪಿಯದನ್ನೂ ಹುಡುಕುತ್ತಾರೆ, ಸಿಗದಿದ್ದಾಗ ಮುಚ್ಚಿಟ್ಟಿದ್ದಾರೆ ಅನ್ನುತ್ತಾರೆ. ಮುಚ್ಚಿಟ್ಟಿಲ್ಲ, ಬರೆದೇ ಇಲ್ಲ. ಲೋಕಸಭೆಯಲ್ಲಿ ಬಹಳಷ್ಟು ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ನಮ್ಮ ಎಪಿಎಂಸಿ ವ್ಯಾಪಾರವನ್ನೇ ಅಲುಗಿಸಿದ ಕೃಷಿ ಮಸೂದೆಗಳು 2020ರ ಸೆಪ್ಟೆಂಬರಿನಲ್ಲಿ ಬಂದದ್ದೂ ಧ್ವನಿಮತದಲ್ಲಿ, 2021ರ ನವೆಂಬರ್ 29ರಂದು ಚರ್ಚೆಯೇ ಇಲ್ಲದೆ ರದ್ದಾದದ್ದೂ ಧ್ವನಿಮತದಲ್ಲಿ. ಹೂಂ ಅಂದವರಾರು, ಊಹೂಂ ಅಂದವರಾರು, ಹೆಸರಿನ ಪಟ್ಟಿ ಇಲ್ಲ. ಯಾರಾದರೂ ಪಟ್ಟು ಹಿಡಿದು ಮತ ವಿಭಜನೆ ಕೇಳಿದಾಗ ಲೆಕ್ಕ ಹುಟ್ಟುತ್ತದೆ: 2024ರ ಡಿಸೆಂಬರ್ 17ರಂದು ಏಕಕಾಲದ ಚುನಾವಣೆಯ ಮಸೂದೆ ಮಂಡನೆಗೆ 269–198, 2025ರ ಏಪ್ರಿಲಿನಲ್ಲಿ ವಕ್ಫ್ ತಿದ್ದುಪಡಿಗೆ 288–232. ಆ ಅಂಕಿಗಳಲ್ಲೂ ಕಾಣುವುದು ಪಕ್ಷ, ಮನುಷ್ಯನಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದವರ ಸದಸ್ಯತ್ವಕ್ಕೇ ಕುತ್ತು. ಸದಸ್ಯರ ಮಾರಾಟ ತಡೆಯಲು ತಂದ ಕಾನೂನು ಮನಸ್ಸಾಕ್ಷಿಯನ್ನೂ ಕಟ್ಟಿಹಾಕಿತು ಎಂದು ನನಗೆ ಅನ್ನಿಸುತ್ತದೆ. ಮಾರಾಟವಾದರೂ ನಿಂತಿತೇ ಎಂದರೆ, 2019ರಲ್ಲಿ ಶಾಸಕರ ರಾಜೀನಾಮೆಯಿಂದ ಕರ್ನಾಟಕದ ಸರ್ಕಾರ ಬಿದ್ದದ್ದು ಕಂಡವರು ನಗುತ್ತಾರೆ.

ವಿಪ್ ತಲುಪದ ಜಾಗವೂ ಒಂದಿದೆ, ಪ್ರಶ್ನೆ ಕೇಳುವುದು. ಸಂಸತ್ತಿನ ಜಾಲತಾಣದಲ್ಲಿ ಸದಸ್ಯರ ಹೆಸರು ಹಾಕಿದರೆ ಕೇಳಿದ ಪ್ರಶ್ನೆ, ಮಂತ್ರಿಯ ಉತ್ತರ, ತಾರೀಕು ಎಲ್ಲ ತೆರೆದುಕೊಳ್ಳುತ್ತವೆ. ಎಷ್ಟು ಪ್ರಶ್ನೆ ಎಂಬ ಸಂಖ್ಯೆಗೆ ಮರುಳಾಗಬೇಡಿ. ಸಂಖ್ಯೆ ಹೆಚ್ಚಿಸುವ ಕೆಲಸ ಸಹಾಯಕರೂ ಮಾಡಬಲ್ಲರು. ಗದಗ–ಯಲವಿಗಿ ರೈಲು, ಹೆಸರುಕಾಳಿನ ಬೆಂಬಲ ಬೆಲೆ, ಉಳ್ಳಾಗಡ್ಡಿ ರಫ್ತು, ಇವು ಬಂದಿವೆಯೇ? ಮಂತ್ರಿ ಜಾರಿಕೊಂಡು ಉತ್ತರಿಸಿದ ಮೇಲೆ ಮುಂದಿನ ಅಧಿವೇಶನದಲ್ಲಿ ಅದನ್ನೇ ಮತ್ತೆ ಕೇಳಿದರೇ? ಆ ಎರಡನೇ ಪ್ರಶ್ನೆಯನ್ನು ಹುಡುಕಿ.

ಇನ್ನು ಅಫಿಡವಿಟ್. 2002, 2003ರ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರ ಆಸ್ತಿ, ಸಾಲ, ಓದು, ಕ್ರಿಮಿನಲ್ ಪ್ರಕರಣ ಎಲ್ಲವನ್ನೂ ನಾಮಪತ್ರದ ಜತೆ ಪ್ರಮಾಣ ಮಾಡಿ ಹೇಳಬೇಕು. ಈಗ ಆದಾಯದ ಮೂಲವನ್ನೂ ಬರೆಯಬೇಕು. ಒಂದನ್ನೇ ಓದಿ ಬಿಡಬೇಡಿ. ಒಬ್ಬರದೇ ಹಳೆಯ, ಹೊಸ ಅಫಿಡವಿಟ್ ಪಕ್ಕಪಕ್ಕ ಹಿಡಿಯಿರಿ: ಉದಾಸಿಯವರದು 2009, 2014, 2019, ಬೊಮ್ಮಾಯಿಯವರದು 2008ರಿಂದ 2024ರವರೆಗೆ. ಆಸ್ತಿ ಬೆಳೆದ ಮಾತ್ರಕ್ಕೆ ಕಳ್ಳತನ ಎನ್ನಬೇಡಿ, ರಿಂಗ್ ರೋಡಿನ ಪಕ್ಕದ ಹೊಲಕ್ಕೆ ಬೆಲೆ ತಾನೇ ಏರುತ್ತದೆ. ಹೊಸದಾಗಿ ಕೊಂಡದ್ದು ಯಾವುದು, ಕೊಂಡ ಹಣ ತೋರಿಸಿದ ಆದಾಯಕ್ಕೆ ಹೊಂದುತ್ತದೆಯೇ, ಸಾಲ ಕೊಟ್ಟವರು ಬ್ಯಾಂಕೋ ಖಾಸಗಿಯವರೋ? ಪ್ರಕರಣಗಳಲ್ಲೂ ರಸ್ತೆ ತಡೆ ಚಳವಳಿಯ ಕೇಸು ಬೇರೆ, ವಂಚನೆಯ ಕೇಸು ಬೇರೆ. ಈ ಕಾಗದಕ್ಕೆ ಏನು ಬೆಲೆ ಎನ್ನುವವರಿಗೆ ಹಾಸನ ತೋರಿಸಿ: ಆಸ್ತಿ ವಿವರ ಮುಚ್ಚಿಟ್ಟ ಆರೋಪ ಮುಖ್ಯವಾಗಿದ್ದ ಅರ್ಜಿಗಳ ಮೇಲೆ 2023ರ ಸೆಪ್ಟೆಂಬರ್ 1ರಂದು ನಮ್ಮ ಹೈಕೋರ್ಟ್ ಅಲ್ಲಿನ ಎಂಪಿಯಾಗಿದ್ದ ಪ್ರಜ್ವಲ್ ರೇವಣ್ಣ ಅವರ ಆಯ್ಕೆಯನ್ನೇ ಅಸಿಂಧು ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಆ ಮಾತು ಬೇರೆ.

ದುಡ್ಡಿನ ಮಾತು ಬಂದರೆ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ದೇಶದ ಮೊದಲ ಕೃಷಿ ಸಹಕಾರ ಸಂಘಗಳಲ್ಲೊಂದು 1905ರಲ್ಲಿ ಹುಟ್ಟಿದ್ದು ನಮ್ಮದೇ ತಾಲ್ಲೂಕಿನ ಕಣಗಿನಹಾಳದಲ್ಲಿ. ಜಮಾ–ಖರ್ಚು ಓದಿಸಿ ಕೇಳುವುದು ಈ ಸೀಮೆಗೆ ಹೊಸತಲ್ಲ. ಲೋಕಸಭಾ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ. ಹಾವೇರಿ ಕ್ಷೇತ್ರದ ಮತದಾರರು ಸುಮಾರು 18 ಲಕ್ಷ. ಭಾಗಿಸಿ ನೋಡಿ, ತಲೆಗೆ ಐದು ರೂಪಾಯಿ ಚಿಲ್ಲರೆ. ಒಂದು ಕಪ್ ಚಹಾಕ್ಕೂ ಸಾಲದ ಈ ದುಡ್ಡಿನಲ್ಲಿ ನೀವು ಕಂಡ ಜೀಪು, ಪೆಂಡಾಲು, ಊಟ ಎಲ್ಲ ನಡೆಯಿತೇ? ಕಾನೂನಿನಲ್ಲೇ ಕಿಂಡಿ ಇದೆ: ಪಕ್ಷದ ಸಾಮಾನ್ಯ ಪ್ರಚಾರದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುವುದಿಲ್ಲ, ಪಕ್ಷಕ್ಕೆ ಮಿತಿಯೂ ಇಲ್ಲ. ಪಕ್ಷಗಳಿಗೆ ಗುಟ್ಟಾಗಿ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದು ಮಾಡಿದ ಮೇಲೆ ಹೊರಬಿದ್ದ ಪಟ್ಟಿಯಲ್ಲಿ 2019ರ ಏಪ್ರಿಲಿನಿಂದ ಬಂದ 12 ಸಾವಿರ ಕೋಟಿಗೂ ಮೀರಿದ ಮೊತ್ತವಿತ್ತು. ಬಿಜೆಪಿಗೆ 6 ಸಾವಿರ ಕೋಟಿಗೂ ಹೆಚ್ಚು, ಕಾಂಗ್ರೆಸ್ಸಿಗೆ 1,400 ಕೋಟಿಗೂ ಹೆಚ್ಚು. ಆ ಬಾಂಡು ಯಾವ ಎಂಪಿಯ ಹೆಸರಿಗೂ ಬರಲಿಲ್ಲ, ಪಕ್ಷಕ್ಕೆ ಬಂತು. ವಿಪ್ ಹೊರಡಿಸುವುದೂ ಅದೇ ಪಕ್ಷ. ಆದ್ದರಿಂದ ಊರಿಗೆ ಬಂದ ಎಂಪಿಯನ್ನು ರಸ್ತೆ ಕೇಳುವಾಗ, ನಿಮ್ಮ ಪಕ್ಷಕ್ಕೆ ದೊಡ್ಡ ದೇಣಿಗೆ ಕೊಟ್ಟವರು ಯಾರು, ಆ ಕಂಪನಿಗಳಿಗೆ ಸಂಬಂಧಪಟ್ಟ ಮಸೂದೆ ಬಂದಾಗ ನೀವು ಏನು ಮಾತಾಡಿದಿರಿ ಎಂದೂ ಕೇಳಿ. ಸಿಟ್ಟು ಬೇಡ, ಮರ್ಯಾದೆಯಿಂದಲೇ.

ಮುಂದಿನ ಚುನಾವಣೆ ಮುಗಿದಾಗ ಒಂದು ಕೆಲಸ ಮಾಡಿ. ಫಲಿತಾಂಶ ಬಂದ 30 ದಿನದೊಳಗೆ ಪ್ರತಿ ಅಭ್ಯರ್ಥಿಯೂ ಖರ್ಚಿನ ಲೆಕ್ಕ ಸಲ್ಲಿಸಬೇಕು. ಜಿಲ್ಲಾ ಚುನಾವಣಾಧಿಕಾರಿ ಕಚೇರಿಯಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು, ನಿಯಮದ ಪ್ರಕಾರ ಶುಲ್ಕ ಒಂದು ರೂಪಾಯಿ. ಹಾವೇರಿಗೆ ಬಸ್ ಚಾರ್ಜೇ ಅದಕ್ಕಿಂತ ಎಷ್ಟೋ ಪಟ್ಟು. ಒಬ್ಬೊಬ್ಬರೇ ಹೋಗಬೇಡಿ, ಬೇರೆ ಬೇರೆ ಪಕ್ಷದ ಮೂವರು ಕೂಡಿ ಹೋಗಿ. ಗೆದ್ದವರದಷ್ಟೇ ಅಲ್ಲ, ಸೋತವರ ಲೆಕ್ಕವನ್ನೂ ತೆಗೆಸಿ. ಹರ್ತಿಯಲ್ಲಿ ನಡೆದ ಸಭೆಗೆ ಎಷ್ಟು ಕುರ್ಚಿ, ಎಷ್ಟು ಗಾಡಿ ಎಂದು ಬರೆದಿದ್ದಾರೋ ನೋಡಿ. ಕುರ್ಚಿ ಎಣಿಸಿದವರು ನೀವೇ ತಾನೇ.